ಹಕ್ಕಿ ನೋಡುವವರ ಡಬ್ಬಿಯಲ್ಲಿ ಬರೀ ಬ್ರೆಡ್ಡೇ?

ಮಾನ್ಯ ಸಂಪಾದಕರೇ,

ವಿದೇಶಕ್ಕೆ ಹಕ್ಕಿ ನೋಡಲು ಹೋಗುವವರಿಗಾಗಿ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬೈನಾಕ್ಯುಲರ್ ಯಾವುದು ಒಳ್ಳೆಯದು, ಬೂಟು ಎಂಥದ್ದಿರಬೇಕು, ಮಳೆ ಬಂದರೆ ಕ್ಯಾಮೆರಾ ಹೇಗೆ ಮುಚ್ಚಿಕೊಳ್ಳಬೇಕು, ಎಲ್ಲ ಚೆನ್ನಾಗಿತ್ತು. ಊಟದ ಬಗ್ಗೆ ಮಾತ್ರ ಒಂದೇ ಸಾಲು. ಪಥ್ಯ ಇರುವವರು ಬುಕಿಂಗ್ ಮಾಡುವಾಗಲೇ ಹೇಳಿಬಿಟ್ಟರೆ ಸಾಕು, ಉಳಿದದ್ದನ್ನು ಪ್ರವಾಸದವರು ನೋಡಿಕೊಳ್ಳುತ್ತಾರೆ ಅಂತ. ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಅದಕ್ಕೇ ಈ ಪತ್ರ. ಉದ್ದವಾಗಿದೆ. ಜಾಗ ಸಾಲದಿದ್ದರೆ ಹಕ್ಕಿಗಳ ಭಾಗಕ್ಕೆ ಕತ್ತರಿ ಹಾಕಿ, ಊಟದ ಭಾಗವನ್ನು ದಯವಿಟ್ಟು ಉಳಿಸಿ.

ನಾನು ನಿವೃತ್ತ ಗಣಿತ ಶಿಕ್ಷಕಿ, ವಯಸ್ಸು 61. ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ಅದು ಹೊಟ್ಟೆಗೆ ಹೋದರೆ ನನ್ನ ದೇಹದ ಕಾವಲುಗಾರರೇ ನನ್ನ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತಾರೆ. ಕರುಳಿನ ಒಳಗೋಡೆಯಲ್ಲಿ ಆಹಾರದ ಸಾರ ಹೀರಿಕೊಳ್ಳುವ, ಬೆರಳಿನಂಥ ಸಣ್ಣ ಸಣ್ಣ ಎಳೆಗಳಿರುತ್ತವೆ. ಅವು ಚಪ್ಪಟೆಯಾಗಿಬಿಡುತ್ತವೆ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ರಕ್ತಹೀನತೆ ಹೋಗುತ್ತಿಲ್ಲ ಎಂದು ಆರು ವರ್ಷ ಒದ್ದಾಡಿದ ಮೇಲೆ ನನಗೆ ಇದು ಗೊತ್ತಾಯಿತು. ಮೊದಲು ರಕ್ತಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದರು. ಇದನ್ನು ವಾಸಿ ಮಾಡುವ ಮಾತ್ರೆ ಇಲ್ಲ. ಆ ಧಾನ್ಯಗಳನ್ನು ಜೀವನಪೂರ್ತಿ ಬಿಡುವುದೇ ಮದ್ದು.

‘ಸ್ವಲ್ಪ ತಿಂದರೆ ಏನಾಗುತ್ತೆ’ ಎನ್ನುವವರು ಎಲ್ಲ ದೇಶದಲ್ಲೂ ಸಿಗುತ್ತಾರೆ. ಪೊಟ್ಟಣದ ಮೇಲೆ ಗ್ಲುಟೆನ್ ಇಲ್ಲ ಎಂದು ಬರೆಯಬೇಕಾದರೆ, ಒಂದು ಕಿಲೋ ಆಹಾರದಲ್ಲಿ ಅದು 20 ಮಿಲಿಗ್ರಾಂ ದಾಟಬಾರದು. ಇದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ. ಅಂದರೆ 50,000ದಲ್ಲಿ ಒಂದು ಪಾಲು. ಗಣಿತದವಳಾಗಿ ಹೇಳುತ್ತೇನೆ, ಇಲ್ಲಿ ‘ಸ್ವಲ್ಪ’ ಅನ್ನುವ ಪದಕ್ಕೆ ಬೆಲೆಯೇ ಇಲ್ಲ.

ನಾನೂ ನನ್ನ ಯಜಮಾನರೂ ದಕ್ಷಿಣ ಅಮೆರಿಕದ ಈಕ್ವೆಡಾರ್‌ಗೆ ಹೋಗಿದ್ದೆವು. ಹದಿನಾಲ್ಕು ದಿನ, ಎಂಟು ಜನರ ಗುಂಪು. ಸಣ್ಣ ದೇಶ, ಆದರೆ 1,600ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಹಮ್ಮಿಂಗ್‌ಬರ್ಡ್‌ಗಳೇ 130ಕ್ಕೂ ಜಾಸ್ತಿ. ನನ್ನ ಯಜಮಾನರಿಗೆ ಹಕ್ಕಿ ಅಷ್ಟಕ್ಕಷ್ಟೆ, ಅವರು ಬಂದದ್ದು ಬೆಟ್ಟ ನೋಡಲು ಮತ್ತು ಎದುರಿಗೆ ಇಟ್ಟದ್ದನ್ನೆಲ್ಲ ತಿನ್ನಲು. ಬುಕಿಂಗ್ ಫಾರಂನಲ್ಲಿ ‘ವಿಶೇಷ ಆಹಾರ’ ಎಂಬ ಚೌಕ ಇತ್ತು. ಟಿಕ್ ಹಾಕಿದೆ. ಕೆಳಗೆ ನಾಲ್ಕು ಸಾಲು ವಿವರವಾಗಿ ಬರೆದೆ. ‘ಗಮನಿಸಲಾಗಿದೆ’ ಎಂದು ಉತ್ತರ ಬಂತು. ಆ ಒಂದು ಪದವನ್ನು ನಂಬಿಕೊಂಡು ವಿಮಾನ ಹತ್ತಿದೆ.

ಮೊದಲ ರಾತ್ರಿ ರಾಜಧಾನಿ ಕೀಟೊದ ಹೋಟೆಲಿನಲ್ಲಿ ಅನ್ನ, ಮೀನು, ಅವಕಾಡೊ ಕೊಟ್ಟರು. ಯಾವ ತೊಂದರೆಯೂ ಇಲ್ಲ. ಅದೇ ಮೋಸ ನೋಡಿ. ರಾತ್ರಿಯೂಟ ಸಾಮಾನ್ಯವಾಗಿ ಸುಲಭ. ಅಡುಗೆಯವರು ಎದುರಿಗೇ ಇರುತ್ತಾರೆ, ಕೇಳಬಹುದು, ತಟ್ಟೆ ವಾಪಸ್ ಕಳಿಸಬಹುದು. ಹಕ್ಕಿ ನೋಡುವವರಿಗೆ ಕಷ್ಟ ಇರುವುದು ಬೆಳಗಿನ ನಾಲ್ಕೂವರೆಗೆ. ಈಕ್ವೆಡಾರ್ ಭೂಮಧ್ಯ ರೇಖೆಯ ಮೇಲಿರುವ ದೇಶ, ವರ್ಷವಿಡೀ ಸೂರ್ಯ ಹುಟ್ಟುವುದು ಆರು ಗಂಟೆಯ ಆಸುಪಾಸಿಗೆ. ಬೆಳಕು ಹರಿಯುವ ಹೊತ್ತಿಗೆ ಕಾಡಿನೊಳಗೆ ಕೂತಿರಬೇಕು. ಆ ಹೊತ್ತಿಗೆ ಯಾವ ಅಡುಗೆಮನೆಯೂ ತೆರೆದಿರುವುದಿಲ್ಲ. ಹಿಂದಿನ ರಾತ್ರಿಯೇ ಡಬ್ಬಿ ಕಟ್ಟಿಟ್ಟು ಅಡುಗೆಯವರು ಮಲಗಿರುತ್ತಾರೆ. ಡಬ್ಬಿಗೆ ಏನು ಹಾಕುತ್ತಾರೆ? ರಾತ್ರಿಯಿಂದ ಬೆಳಗಿನವರೆಗೆ ಕೆಡದೆ ಇರುವುದು, ಕೈಯಲ್ಲಿ ಹಿಡಿದು ತಿನ್ನುವಂಥದ್ದು. ಅಂದರೆ ಬ್ರೆಡ್ಡು.

ಮಿಂಡೊ ಕಡೆಯ ಕಾಡಿನಲ್ಲಿ ಎರಡನೇ ದಿನ ಬೆಳಿಗ್ಗೆ ನನ್ನ ಕೈಗೊಂದು ಡಬ್ಬಿ ಬಂತು. ಮೇಲೆ ನನ್ನ ಹೆಸರು, ಪಕ್ಕದಲ್ಲಿ ‘ಗ್ಲುಟೆನ್ ಇಲ್ಲ’ ಎಂಬ ಚೀಟಿ. ಎಂಥ ಖುಷಿ ಅಂತೀರಿ! ಟಾರ್ಚ್ ಬೆಳಕಿನಲ್ಲಿ ತೆಗೆದು ನೋಡಿದರೆ ಎಲ್ಲರಿಗೂ ಬಿಳಿ ಬ್ರೆಡ್ಡು, ನನಗೆ ಮಾತ್ರ ಕಂದು ಬ್ರೆಡ್ಡು. ಪೂರ್ತಿ ಗೋಧಿಯದು. ಪಾಪ, ಅಡುಗೆಯವರಿಗೆ ನನ್ನ ಮೇಲೆ ಕಾಳಜಿ ಇತ್ತು. ಪಥ್ಯ ಎಂದರೆ ‘ಆರೋಗ್ಯದ ಬ್ರೆಡ್ಡು’ ಎಂದು ತಿಳಿದುಕೊಂಡಿದ್ದರು, ಅಷ್ಟೆ. ಸಕ್ಕರೆ ಕಾಯಿಲೆ, ಕೊಬ್ಬು, ಉಪ್ಪು, ಹಾಲು, ಗೋಧಿ ಎಲ್ಲವನ್ನೂ ‘ವಿಶೇಷ ಆಹಾರ’ ಎಂಬ ಒಂದೇ ಚೌಕಕ್ಕೆ ತುರುಕಿದರೆ ಇನ್ನೇನಾಗುತ್ತದೆ?

ಆ ದಿನ ನೋಡಬೇಕಿದ್ದದ್ದು ಆಂಡಿಯನ್ ಕಾಕ್-ಆಫ್-ದ-ರಾಕ್. ಗಂಡುಗಳು ಕೆಂಡದ ಬಣ್ಣ, ತಲೆಯ ಮೇಲೆ ಅರ್ಧಚಂದ್ರದಂಥ ಜುಟ್ಟು. ಬೆಳಗಾಗುವ ಹೊತ್ತಿಗೆ ಒಂದೇ ಜಾಗದಲ್ಲಿ ಸೇರಿ, ಹೆಣ್ಣನ್ನು ಮೆಚ್ಚಿಸಲು ಬಾಗುತ್ತವೆ, ಕುಣಿಯುತ್ತವೆ, ಹಂದಿಮರಿಗಳ ಹಾಗೆ ಕಿರುಚುತ್ತವೆ. ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ನನ್ನ ಹೊಟ್ಟೆಯಲ್ಲಿ ಒಂದು ಬಾಳೆಹಣ್ಣು ಬಿಟ್ಟರೆ ಏನಿಲ್ಲ. ತಡೆಯಲಾಗದೆ, ನಾನೇ ತಂದಿದ್ದ ಅಕ್ಕಿಯ ಕ್ರ್ಯಾಕರ್ ಪೊಟ್ಟಣಕ್ಕೆ ಕೈ ಹಾಕಿದೆ. ಆ ಫಾಯಿಲ್ ಚರಚರ ಎಂದದ್ದು ಇಡೀ ಕಣಿವೆಗೆ ಕೇಳಿಸಿರಬೇಕು. ನಿಧಾನಕ್ಕೆ ಹರಿದರೆ ಸದ್ದು ಇನ್ನೂ ಜಾಸ್ತಿ! ಗೈಡ್ ತಿರುಗಿ ನೋಡಿದ ನೋಟ ಮರೆಯಲಾರೆ. ನನ್ನ ತರಗತಿಯಲ್ಲಿ ಮಕ್ಕಳು ಕದ್ದು ತಿನ್ನುವಾಗ ನಾನು ನೋಡುತ್ತಿದ್ದ ನೋಟ ಅದು. ಅಂದಿನಿಂದ ನನ್ನ ತಿಂಡಿಯೆಲ್ಲ ಬಟ್ಟೆಯ ಚೀಲಕ್ಕೆ ಹೋಯಿತು. ಕುರುಕುರು ಎನ್ನುವುದನ್ನು ವ್ಯಾನಿನಲ್ಲಿ ಮಾತ್ರ ತಿನ್ನುವುದು. ಪಥ್ಯದವರಿಗೆ ಸಲಹೆ ಕೊಡುವ ಯಾರೂ ಇದನ್ನು ಹೇಳುವುದಿಲ್ಲ.

ಬೇರೆ ಪ್ರವಾಸಗಳಲ್ಲಿ ಒಂದು ಹೋಟೆಲು ಆಗದಿದ್ದರೆ ಪಕ್ಕದ್ದಕ್ಕೆ ಹೋಗಬಹುದು. ಹಕ್ಕಿಯವರು ಇಳಿಯುವುದು ಕಾಡಿನ ಅಂಚಿನ ಲಾಡ್ಜಿನಲ್ಲಿ. ಅಲ್ಲಿ ಒಂದೇ ಅಡುಗೆಮನೆ, ಒಂದೇ ಬಾಣಲೆ. ಬಾಣಲೆಯ ವಿಷಯ ಸುಮ್ನೆ ಹೇಳಲಿಲ್ಲ. ಬಾಳೆಕಾಯಿಯನ್ನು ಬೇಯಿಸಿ, ಕುಟ್ಟಿ, ಚೀಸ್ ಸೇರಿಸಿ ಉಂಡೆ ಮಾಡಿ ಕರಿಯುವ ಬೊಲೋನ್ ಅಲ್ಲಿ ಬೆಳಗಿನ ತಿಂಡಿ. ಅದರಲ್ಲಿ ಗೋಧಿ ಇಲ್ಲ. ಆದರೆ ಅದೇ ಎಣ್ಣೆಯಲ್ಲಿ ಮೊದಲು ಗೋಧಿ ಹಿಟ್ಟಿನ ಎಂಪನಾಡ ಎಂಬ ಕಡುಬು ಕರಿದಿದ್ದರೆ ಅದು ನನಗಲ್ಲ. ಕಾದ ಎಣ್ಣೆಯಲ್ಲಿ ಗ್ಲುಟೆನ್ ಸುಟ್ಟುಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಸ್ಯಾನಿಟೈಸರ್ ಹಚ್ಚಿದ ಕೈಯಿಂದಲೂ ಹೋಗುವುದಿಲ್ಲ, ಅದು ರೋಗಾಣು ಅಲ್ಲವಲ್ಲ. ಸೋಪು ನೀರಿನಲ್ಲೇ ತೊಳೆಯಬೇಕು. ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಎರಡು ತಿಂಡಿಗಳೂ ಅಲ್ಲಿವೆ. ಉಮಿತಾ ಎಂಬುದು ಹಸಿ ಮೆಕ್ಕೆಜೋಳ ರುಬ್ಬಿ ಮಾಡಿದ್ದು. ಕಿಂಬೊಲಿತೊ ಎಂಬ ಸಿಹಿಗೆ ಗೋಧಿ ಹಿಟ್ಟು ಸೇರಿಸುವವರಿದ್ದಾರೆ. ಬಿಚ್ಚುವ ತನಕ ಎರಡೂ ಅಕ್ಕತಂಗಿಯರ ಹಾಗೆ.

ಅದೇ ಮಿಂಡೊ ಹತ್ತಿರ ಆಂಹೆಲ್ ಪಾಸ್ ಎಂಬ ರೈತರ ಜಮೀನಿದೆ. ಹಕ್ಕಿ ನೋಡುವವರಿಗೆಲ್ಲ ಅವರ ಹೆಸರು ಗೊತ್ತು. ಜೈಂಟ್ ಆಂಟ್‌ಪಿಟ್ಟಾ ಎಂಬ ಹಕ್ಕಿಯನ್ನು ನೋಡುವುದು ಭಾರಿ ಕಷ್ಟ. ಕಾಲು ಮೂಡಿದ ದೊಡ್ಡ ಮೊಟ್ಟೆಯಂಥ ಹಕ್ಕಿ, ಕತ್ತಲ ಪೊದೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಪಾಸ್ ಅವರು ಒಂದನ್ನು ಎರೆಹುಳು ಕೊಟ್ಟು ಪಳಗಿಸಿ, ಮರಿಯಾ ಎಂದು ಹೆಸರಿಟ್ಟು, ಕರೆದರೆ ಬರುವ ಹಾಗೆ ಮಾಡಿದರು. ಅಂಥ ಹಕ್ಕಿ ಪೊದೆಯಿಂದ ಹೊರಗೆ ಬಂದು ತುಂಡು ಮಾಡಿದ ಹುಳು ಎತ್ತಿಕೊಂಡಾಗ ನನಗೆ ಕಣ್ಣಲ್ಲಿ ನೀರು ಬಂತು, ನಿಜ. ಜೊತೆಗೇ ಹೊಟ್ಟೆಕಿಚ್ಚೂ ಆಯಿತು. ಆ ಹಕ್ಕಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ತಿಳಿದವರೊಬ್ಬರು ಇದ್ದರು. ನನಗೆ ಯಾರಿದ್ದರು?

ಗುಂಪಿನಲ್ಲಿದ್ದ ಒಬ್ಬರು, ಒಳ್ಳೆಯ ಮನುಷ್ಯರೇ, ‘ಈ ಗ್ಲುಟೆನ್ ಎಲ್ಲ ಈಗಿನ ಕಾಲದ ಫ್ಯಾಷನ್ ಅಲ್ವಾ?’ ಎಂದರು. ವಿಲ್ಲೆಮ್ ಡಿಕೆ ಎಂಬ ಡಚ್ ಮಕ್ಕಳ ವೈದ್ಯರ ಕಥೆಯನ್ನು ವ್ಯಾನಿನಲ್ಲೇ ಹೇಳಿದೆ. ಈ ಕಾಯಿಲೆಗೂ ಗೋಧಿಗೂ ಸಂಬಂಧ ಇದೆ ಎಂಬ ಅನುಮಾನ ಅವರಿಗೆ ಮೊದಲೇ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ನೆದರ್‌ಲ್ಯಾಂಡ್ಸ್‌ನಲ್ಲಿ ಬರಗಾಲ ಬಿತ್ತು, ಬ್ರೆಡ್ಡು ಸಿಗದಾಯಿತು. ಊರೆಲ್ಲ ಹಸಿದಿದ್ದರೂ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ವಾಪಸ್ ಬಂತು, ಮಕ್ಕಳು ಮತ್ತೆ ಹಾಸಿಗೆ ಹಿಡಿದರು. ಕಥೆ ಕೇಳಿದ ಮೇಲೆ ಆ ಮನುಷ್ಯರು ತಮ್ಮ ಪಾಲಿನ ಬಾಳೆಹಣ್ಣನ್ನು ದಿನಾ ನನಗೆ ಕೊಡತೊಡಗಿದರು. ಹದಿನಾಲ್ಕು ದಿನ ಮುಗಿಯುವ ಹೊತ್ತಿಗೆ ಬಾಳೆಹಣ್ಣು ಕಂಡರೆ ಸಾಕಪ್ಪಾ ಸಾಕು ಎನ್ನಿಸುತ್ತಿತ್ತು, ಅದು ಬೇರೆ ಮಾತು.

ಏಳನೇ ದಿನ ಪಪಾಯಾಕ್ತಾ ಘಾಟಿ ಹತ್ತಿದೆವು. ಎತ್ತರ 4,000 ಮೀಟರ್ ದಾಟುತ್ತದೆ. ಬಿಸಿನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಅನ್ನ ಆಗುವಂಥ ಪೊಟ್ಟಣ ಇಟ್ಟುಕೊಂಡಿದ್ದೆ. ಡ್ರೈವರ್ ಸಣ್ಣ ಸ್ಟವ್ ಹಚ್ಚಿ ನೀರು ಕುದಿಸಿಕೊಟ್ಟರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಅಕ್ಕಿ ಕಲ್ಲಿನ ಹಾಗೇ ಇತ್ತು. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ. ಕೊತಕೊತ ಕುದಿಯುತ್ತಿದ್ದರೂ ಬೇಯಿಸುವಷ್ಟು ಬಿಸಿ ಇರುವುದಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿದ್ದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಯಜಮಾನರು ನಕ್ಕರು. ಬೆಟ್ಟದ ಮೇಲೆ ಹೋಗುವವರು ಅನ್ನವನ್ನು ಕೆಳಗಿನ ಲಾಡ್ಜಿನಲ್ಲೇ ಮಾಡಿಸಿ ಫ್ಲಾಸ್ಕಿಗೆ ತುಂಬಿಕೊಳ್ಳಿ.

ಅನ್ನ ಬೇಯಲಿಲ್ಲ, ಹಸಿವು ತಡೆಯಲಿಲ್ಲ. ಎಡವಟ್ಟಾದದ್ದು ಆಮೇಲೆಯೇ. ಘಾಟಿ ಇಳಿದು ರಸ್ತೆ ಬದಿಯಲ್ಲಿ ಊಟಕ್ಕೆ ನಿಂತೆವು. ಚಳಿ, ಜಿಟಿಜಿಟಿ ಮಳೆ. ಬಿಸಿ ಸೂಪಿನ ಬಟ್ಟಲು ಬಂತು. ಏನು ಎಂದು ಕೇಳಿದೆ. ಬಡಿಸುತ್ತಿದ್ದ ಹೆಂಗಸು ‘ಅರ್ರೋಸ್ ದೆ ಸೆಬಾದಾ’ ಎಂದರು. ಅರ್ರೋಸ್ ಎಂದರೆ ಅಕ್ಕಿ, ಅಷ್ಟು ಸ್ಪ್ಯಾನಿಷ್ ನನಗೂ ಗೊತ್ತಿತ್ತು. ನಮ್ಮ ಡ್ರೈವರೂ ‘ಅಕ್ಕಿ ಸೂಪು’ ಎಂದು ತಲೆಯಾಡಿಸಿದರು. ಮೂರು ಚಮಚ ಕುಡಿದೆ. ನಾಲ್ಕನೆಯದಕ್ಕೆ ಕಾಳು ಹಲ್ಲಿಗೆ ಸಿಕ್ಕಿತು. ಅಕ್ಕಿಗಿಂತ ದಪ್ಪ, ನಡುವೆ ಒಂದು ಗೀರು. ಸೆಬಾದಾ ಎಂದರೆ ಬಾರ್ಲಿ! ಒಡೆದ ಬಾರ್ಲಿಗೆ ಅಲ್ಲಿನವರು ‘ಬಾರ್ಲಿಯ ಅಕ್ಕಿ’ ಎನ್ನುತ್ತಾರೆ. ನನ್ನ ಹತ್ತಿರ ಕಾರ್ಡು ಇತ್ತು. ಗೋಧಿ, ಬಾರ್ಲಿ, ರೈ ಆಗದು ಎಂದು ಸ್ಪ್ಯಾನಿಷ್‌ನಲ್ಲಿ ಬರೆಸಿದ್ದು. ತ್ರೀಗೊ, ಸೆಬಾದಾ, ಸೆಂತೇನೊ, ಮೂರೂ ಹೆಸರು ಅದರಲ್ಲಿದ್ದವು. ಆದರೆ ಕಾರ್ಡು ಎಲ್ಲಿತ್ತು? ವ್ಯಾನಿನಲ್ಲಿದ್ದ ಬ್ಯಾಗಿನಲ್ಲಿ. ಮಳೆ ಅಂತ ತರಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಮೂರು ಗಂಟೆಯಲ್ಲಿ ವಾಂತಿ ಶುರುವಾಯಿತು. ಎರಡು ದಿನ ಲಾಡ್ಜಿನ ಕೋಣೆಯಲ್ಲಿ ಮಲಗಿದ್ದೆ. ಕಿಟಕಿಯಾಚೆ ತೊರೆಯ ಸದ್ದು ಕೇಳುತ್ತಿತ್ತು. ಆ ತೊರೆಯಲ್ಲೇ ಉಳಿದ ಏಳೂ ಜನ ಟೊರೆಂಟ್ ಡಕ್ ನೋಡಿದರು. ಬಂಡೆಗಳ ನಡುವೆ ಬಿಳಿಯಾಗಿ ನೊರೆಯೇಳುವ ನೀರಿನಲ್ಲಿ ಆರಾಮಾಗಿ ಈಜುವ ಬಾತು ಅದು. ಹಕ್ಕಿ ಎಂದರೆ ಅಷ್ಟಕ್ಕಷ್ಟೆ ಎನ್ನುವ ನನ್ನ ಯಜಮಾನರೂ ನೋಡಿದರು. ಫೋಟೊ ಬೇರೆ ತೆಗೆದರು.

ಎದ್ದು ಕೂರುವಂತಾದ ಮೇಲೆ ಗೈಡ್ ನನ್ನ ಪಕ್ಕ ಬಂದು ಕೂತರು. ಅವರ ಹತ್ತಿರವಿದ್ದ ಹಾಳೆ ತೋರಿಸಿದರು. ಎಂಟು ಹೆಸರು, ಎಂಟು ಪಾಸ್‌ಪೋರ್ಟ್ ನಂಬರು, ವಿಮಾನದ ಸಮಯ. ಊಟದ ವಿಷಯ ಒಂದಕ್ಷರವೂ ಇಲ್ಲ. ಬುಕಿಂಗ್ ಆಫೀಸಿನವರು ನನ್ನ ನಾಲ್ಕು ಸಾಲನ್ನು ಗಮನಿಸಿದ್ದರು, ನಿಜ. ಗಮನಿಸಿ ಅಲ್ಲೇ ಇಟ್ಟುಕೊಂಡಿದ್ದರು. ಲಾಡ್ಜುಗಳಿಗೆ ‘ಒಬ್ಬರಿಗೆ ವಿಶೇಷ ಆಹಾರ’ ಎಂದಷ್ಟೇ ಹೋಗಿತ್ತು. ದಿನವಿಡೀ ಜೊತೆಗಿರುವ, ಅಲ್ಲಿನ ಭಾಷೆ ಬಲ್ಲ ಒಬ್ಬನೇ ಮನುಷ್ಯನಿಗೆ ಯಾರೂ ಏನೂ ಹೇಳಿರಲಿಲ್ಲ.

ಆಮೇಲಿನ ದಿನಗಳು ಬೇರೆಯೇ ಆದವು. ಪ್ರತಿ ರಾತ್ರಿ ಎಲ್ಲರೂ ಕೂತು ಅಂದಿನ ಹಕ್ಕಿಗಳ ಚೆಕ್‌ಲಿಸ್ಟ್ ಓದುವ ಮೊದಲು ಗೈಡ್ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಐದು ನಿಮಿಷದ ಕೆಲಸ. ನಾನು ‘ಗ್ಲುಟೆನ್’ ಎಂಬ ಪದವನ್ನೇ ಬಿಟ್ಟುಬಿಟ್ಟೆ. ಎಷ್ಟೋ ಅಡುಗೆಯವರಿಗೆ ಅದು ಗೊತ್ತಿಲ್ಲ, ಧಾನ್ಯದ ಹೆಸರು ಎಲ್ಲರಿಗೂ ಗೊತ್ತು. ಸೋಯಾ ಸಾಸ್ ಬಾಟಲಿ ತೋರಿಸಿ ಬೇಡ ಎನ್ನುತ್ತಿದ್ದೆ, ಸಾಮಾನ್ಯವಾಗಿ ಅದಕ್ಕೆ ಗೋಧಿ ಹಾಕಿರುತ್ತಾರೆ. ಅಲ್ಲಿ ಜನಪ್ರಿಯವಾದ ಚೌಲಾಫಾನ್ ಎಂಬ ಹುರಿದ ಅನ್ನ ಈ ಒಂದೇ ಕಾರಣಕ್ಕೆ ನನಗೆ ನಿಷಿದ್ಧ. ಓಟ್ಸ್ ಕುದಿಸಿ ಹಣ್ಣಿನ ರಸ ಸೇರಿಸಿದ ಪಾನೀಯವೂ ಬೇಡ. ಓಟ್ಸ್‌ನಲ್ಲಿ ಗೋಧಿ, ಬಾರ್ಲಿ ಬೆರೆತಿರುವುದೇ ಜಾಸ್ತಿ.

ಬೆಳಗಿನ ಡಬ್ಬಿಗೆ ನಾನೊಂದು ಸೂತ್ರ ಮಾಡಿಕೊಂಡೆ. ಸಿಪ್ಪೆ ಇರುವುದನ್ನು ನಂಬುವುದು. ಸಿಪ್ಪೆ ಬಿಡಿಸದ ಬೇಯಿಸಿದ ಮೊಟ್ಟೆ, ಸಿಪ್ಪೆ ಸಹಿತ ಬೇಯಿಸಿದ ಆಲೂಗಡ್ಡೆ, ಸಿಪ್ಪೆ ಸುಲಿಯದೆ ಬೇಯಿಸಿದ ಮೆಕ್ಕೆಜೋಳದ ತೆನೆ, ಬಾಳೆಹಣ್ಣು, ಕಿತ್ತಳೆ. ಬ್ರೆಡ್ಡು ಕತ್ತರಿಸಿದ ಚಾಕು, ಹಿಟ್ಟು ಮೆತ್ತಿದ ಕೈ, ಯಾವುದೂ ಒಳಗೆ ಹೋಗುವುದಿಲ್ಲ. ಎಷ್ಟೇ ಗಡಿಬಿಡಿಯ ಅಡುಗೆಮನೆಯಾದರೂ ರಾತ್ರಿ ಒಂದು ಪಾತ್ರೆ ನೀರಿನಲ್ಲಿ ಇವನ್ನು ಬೇಯಿಸಿಡುವುದಕ್ಕೆ ಬೇಸರಪಡಲಿಲ್ಲ. ಮುಖ್ಯವಾಗಿ, ಮೊಟ್ಟೆ ಸುಲಿದರೆ ಹಕ್ಕಿ ಹಾರಿಹೋಗುವುದಿಲ್ಲ.

ಗುಂಪಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬರಿದ್ದರು. ಅವರ ಕಷ್ಟ ನನ್ನದಕ್ಕೆ ತಿರುವುಮುರುವು. ಏನು ತಿನ್ನುವುದು ಎಂಬುದಲ್ಲ, ಯಾವಾಗ ಎಂಬುದು. ‘ತಿಂಡಿ ಏಳಕ್ಕೆ’ ಎಂದವರು ಒಂದು ಹಕ್ಕಿಯ ಹಿಂದೆ ಬಿದ್ದು ಒಂಬತ್ತೂವರೆ ಮಾಡಿದರು. ಏರುಹಾದಿಯಲ್ಲಿ ಅವರ ಕೈ ನಡುಗಲು ಶುರುವಾಯಿತು, ಬೆವರು ಇಳಿಯಿತು. ಬೈನಾಕ್ಯುಲರ್ ಚೀಲದಲ್ಲಿ ಗ್ಲೂಕೋಸ್ ಮಾತ್ರೆ ಇದ್ದದ್ದಕ್ಕೆ ಬಚಾವಾದರು. ಹಕ್ಕಿ ಸಿಕ್ಕಾಗ ಗಡಿಯಾರ ಯಾರಿಗೂ ನೆನಪಿರುವುದಿಲ್ಲ, ನನಗೂ ಇರುವುದಿಲ್ಲ. ಇನ್ಸುಲಿನ್ ಇರುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು.

ವಿಮಾನದ ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಿಕೆಟ್ ತೆಗೆದುಕೊಂಡ ಮೇಲೆ ಗ್ಲುಟೆನ್ ಇಲ್ಲದ ಊಟವನ್ನು ಜಿಎಫ್‌ಎಂಎಲ್ ಎಂಬ ಸಂಕೇತದಲ್ಲಿ ಮೊದಲೇ ಕೇಳಿಕೊಳ್ಳಬೇಕು. ವಿಮಾನ ಬದಲಾಯಿಸುವಲ್ಲೆಲ್ಲ ಅದು ದಾಖಲಾಗಿದೆಯೇ ಎಂದು ಮತ್ತೊಮ್ಮೆ ನೋಡಬೇಕು. ಆದರೂ ಒಂದು ಹೊತ್ತಿನ ಊಟ ಕೈಯಲ್ಲಿರಲಿ. ಹಣ್ಣು, ಕಾಳು, ಮಾಂಸ, ಹಾಲಿನ ಪದಾರ್ಥ ಒಳಗೆ ಬಿಡದ ದೇಶಗಳು ಬಹಳ ಇವೆ. ಒಡೆಯದ ಪೊಟ್ಟಣ ಒಯ್ದು, ಇಳಿದ ಕೂಡಲೇ ಕಸ್ಟಮ್ಸ್ ಫಾರಂನಲ್ಲಿ ತಿಂಡಿ ಇದೆ ಎಂದೇ ಬರೆಯಿರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ, ಜೊತೆಗೆ ತಿಂಡಿಯೂ ಹೋಯಿತು.

ನಿಮ್ಮ ಲೇಖನ ಓದಿ ಮುಂಗಡ ಕಟ್ಟಲು ಹೊರಟವರು ‘ಪಥ್ಯ ಇದೆ’ ಎಂದು ಹೇಳಿ ಸುಮ್ಮನಾಗಬೇಡಿ. ಪ್ರತಿ ದಿನದ ಬೆಳಗಿನ ತಿಂಡಿ ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಕಟ್ಟಿಕೊಡುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ಜೊತೆಗೆ ಬರುವ ಗೈಡ್ ಹೆಸರು ಕೇಳಿ, ಅವರಿಗೆ ನೀವೇ ಒಂದು ಮೇಲ್ ಹಾಕಿ, ಅವರಿಂದಲೇ ಉತ್ತರ ಪಡೆಯಿರಿ. ಉತ್ತರ ಬಾರದಿದ್ದರೆ ದುಡ್ಡು ಕಟ್ಟಬೇಡಿ, ಬೇರೆಯವರನ್ನು ಹುಡುಕಿ. ಪ್ರವಾಸ ನಡೆಸುವವರಿಗೂ ಇದು ದೊಡ್ಡ ಹೊರೆಯಲ್ಲ. ಯಾವ ಹಕ್ಕಿ ಯಾವ ದಿನ ಎಂದು ಹನ್ನೆರಡು ಪುಟ ಅಚ್ಚು ಹಾಕುವವರು ಊಟಕ್ಕೆ ಅರ್ಧ ಪುಟ ಕೊಡಬಾರದೇ?

ಇನ್ನು ಲೇಖಕರಿಗೆ ಒಂದು ಮಾತು. ಮುಂದಿನ ಸಲ ಬರೆಯುವಾಗ ಆ ಒಂದು ಸಾಲನ್ನು ತೆಗೆದುಹಾಕಿ. ಹಾಗೆಯೇ, ನೀವು ಟೊರೆಂಟ್ ಡಕ್ ನೋಡಿದ್ದರೆ ಅದು ನೀರಿಗೆ ಧುಮುಕುವಾಗ ಹೇಗಿರುತ್ತದೆ ಎಂದು ನಾಲ್ಕು ಸಾಲು ಬರೆಯಿರಿ. ಯಜಮಾನರನ್ನು ಕೇಳಿದರೆ ‘ಬಾತುಕೋಳಿ ಥರಾನೇ ಇತ್ತು’ ಎನ್ನುತ್ತಾರೆ.

ಇತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ